ಲತೀನಿನಿಂದ ಮಕ್ಕಳ ನುಡಿಗೆ: ವಿದ್ಯಾರ್ಥಿಗಳ ಪ್ರಾರ್ಥನಾಕೂಟ ನಡೆದುಬಂದ ದಾರಿ

ದೇವಾಲಯವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯುವಾಗ ಗೋಪುರ, ಗಂಟೆ, ಪೀಠಗಳನ್ನು ಕುರಿತು ಬರೆಯುವುದು ವಾಡಿಕೆ. ಅದು ಉಚಿತವೇ ಸರಿ. ಆದರೆ ಈ ಶತಮಾನದಲ್ಲಿ ಕಟ್ಟಡಕ್ಕಿಂತ ಹೆಚ್ಚಾಗಿ ಬದಲಾದುದು ಪ್ರಾರ್ಥಿಸುವ ನುಡಿ. ಅದರಲ್ಲಿಯೂ ಮಕ್ಕಳ ಪಾಲಿನ ನುಡಿ. ಭಕ್ತಾದಿಗಳು ಅಷ್ಟಾಗಿ ಗಮನಿಸದ ಆ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ಕನ್ನಡದಲ್ಲಿ ಧರ್ಮೋಪದೇಶವೇನೂ ಹೊಸದಲ್ಲ. 1649ರಲ್ಲಿಯೇ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಕಾರ್ಯಾರಂಭ ಮಾಡಿದ್ದರು. 1861ರಲ್ಲಿ ಲತೀನ್-ಕನ್ನಡ ನಿಘಂಟೊಂದು ಬೆಂಗಳೂರಿನಲ್ಲಿಯೇ ಅಚ್ಚಾಯಿತು. 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯ ಬೇರ್ಪಡುವವರೆಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳೆಲ್ಲವೂ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದವು. ಬೋಧನೆ ಜನರ ಭಾಷೆಯಲ್ಲಿ ನಡೆದರೂ ಪೀಠದ ಮೇಲೆ ಲತೀನ್ ಭಾಷೆಯೇ ನೆಲೆಸಿತ್ತು. ಪೀಠಬಾಲಕರು ಲತೀನ್ ಮರುನುಡಿಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಹಿರಿಯರು ಬಲಿಪೂಜೆಯ ಹೊತ್ತಿನಲ್ಲಿ ಜಪಸರ ಎಣಿಸುತ್ತಿದ್ದರು. ಅರ್ಥ ತಿಳಿಯದಿದ್ದ ಮಾತ್ರಕ್ಕೆ ಭಕ್ತಿ ಕುಂದಿತ್ತೆಂದು ಹಳಿಯುವುದು ನ್ಯಾಯವಲ್ಲ. ಆದರೆ ಹುಡುಗನೊಬ್ಬನು ತನ್ನ ಮಾತಿನಲ್ಲಿ ತನ್ನ ಮನೆಯ ಕಷ್ಟವನ್ನು ಸಭೆಯ ನಡುವೆ ದೇವರಿಗೆ ನಿವೇದಿಸಲು ಅಂದು ಅವಕಾಶವಿರಲಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯು ಆ ಅವಕಾಶವನ್ನು ತೆರೆಯಿತು. 1963ರ ಡಿಸೆಂಬರ್ 4ರಂದು ಪ್ರಕಟವಾದ ದೈವಾರಾಧನಾ ಸಂವಿಧಾನದ 35ನೆಯ ಪ್ರಕರಣವು ದೇವರ ವಾಕ್ಯದ ಆಚರಣೆಗಳನ್ನು ಮಹೋತ್ಸವಗಳ ಮುನ್ನಾದಿನಗಳಲ್ಲಿ, ಆಗಮನ ಕಾಲ ಮತ್ತು ತಪಸ್ಸುಕಾಲದ ಕೆಲವು ವಾರದ ದಿನಗಳಲ್ಲಿ, ಹಾಗೂ ಭಾನುವಾರಗಳಲ್ಲಿ ನಡೆಸಬೇಕೆಂದು ಪ್ರೋತ್ಸಾಹಿಸಿತು. ಗುರುಗಳಿಲ್ಲದ ಊರುಗಳನ್ನು ವಿಶೇಷವಾಗಿ ನೆನೆಯಿತು. ಇಂದು ನಾವು ಪ್ರಾರ್ಥನಾಕೂಟವೆಂದು ಕರೆಯುವುದರ ಬೇರು ಇಲ್ಲಿದೆ. 1964ರ ಸೆಪ್ಟೆಂಬರ್ 26ರ ಆದೇಶವು ಅದರ ಕ್ರಮವನ್ನೂ ತಿಳಿಸಿತು: ಜನರ ಭಾಷೆಯಲ್ಲಿ ವಾಚನಗಳು, ನಡುನಡುವೆ ಹಾಡು, ಮುಖ್ಯವಾಗಿ ಕೀರ್ತನೆಗಳು, ಪ್ರಬೋಧನೆ, ವಿಶ್ವಾಸಿಗಳ ಪ್ರಾರ್ಥನೆ, ಕೊನೆಗೆ ಪ್ರಭು ಕಲಿಸಿದ ಪ್ರಾರ್ಥನೆ. ನಮ್ಮ ಸಮೀಪದ ಬೆಂಗಳೂರಿನಲ್ಲಿಯೇ 1967ರಲ್ಲಿ ಪೂಜ್ಯ ಡಿ. ಎಸ್. ಅಮಲೋರ್ಪವದಾಸ್ ಅವರು ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವನ್ನು ಸ್ಥಾಪಿಸಿದರು. 1969ರ ಏಪ್ರಿಲ್ 25ರಂದು ರೋಮ್ ನಗರದಿಂದ ಹನ್ನೆರಡು ಅಂಶಗಳಿಗೆ ಒಪ್ಪಿಗೆ ದೊರೆತು, ನೆಲದ ಮೇಲೆ ಕುಳಿತುಕೊಳ್ಳುವುದು, ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಮುಂತಾದ ನಮ್ಮ ನಾಡಿನ ಪದ್ಧತಿಗಳಿಗೆ ಆರಾಧನೆಯಲ್ಲಿ ಸ್ಥಾನ ಲಭಿಸಿತು. 1973ರ ನವೆಂಬರ್ 1ರಂದು ಹೊರಬಂದ ಮಕ್ಕಳ ಬಲಿಪೂಜೆಯ ಮಾರ್ಗದರ್ಶಿಯು ಸ್ಥಳವನ್ನು ಸಜ್ಜುಗೊಳಿಸುವುದು, ಹಾಡುವುದು, ವಾದ್ಯ ನುಡಿಸುವುದು, ವಾಚನ ಓದುವುದು, ಕೋರಿಕೆಗಳನ್ನು ಹೇಳುವುದು ಇವೆಲ್ಲ ಮಕ್ಕಳ ಕೆಲಸವಾಗಬಹುದೆಂದಿತು. ಅವರಿಗೆ ಮೌನವನ್ನೂ ಕಲಿಸಬೇಕೆಂದು ಅದೇ ಗ್ರಂಥ ಹೇಳುತ್ತದೆ. ಈ ಕೊನೆಯ ಮಾತನ್ನು ನಾವು, ಶಿಕ್ಷಕರು, ಬೇಗ ಮರೆಯುತ್ತೇವೆ.

ಒಂದು ಎಚ್ಚರಿಕೆಯ ಮಾತು. ಕಥೋಲಿಕ ಶಾಲೆಗಳಲ್ಲಿ ಅನ್ಯಧರ್ಮೀಯ ಮಕ್ಕಳೂ ಕಲಿಯುತ್ತಾರೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಯಾವ ಅಪ್ರಾಪ್ತ ಬಾಲಕನನ್ನೂ ಧಾರ್ಮಿಕ ಆರಾಧನೆಗೆ ಒತ್ತಾಯಿಸಲಾಗದೆಂದು ಭಾರತ ಸಂವಿಧಾನದ 28ನೆಯ ಅನುಚ್ಛೇದ ವಿಧಿಸುತ್ತದೆ. ಆದುದರಿಂದ ಶಾಲೆಯ ಬೆಳಗಿನ ಪ್ರಾರ್ಥನೆಯೇ ಬೇರೆ, ಧರ್ಮೋಪದೇಶ ತರಗತಿಯ ವಿದ್ಯಾರ್ಥಿಗಳು ದೇವಾಲಯದಲ್ಲಿ ನಡೆಸುವ ಕೂಟವೇ ಬೇರೆ.

ಇಂತಹ ಕೂಟವೊಂದರ ಸಿದ್ಧತೆಯಲ್ಲಿ ನಾನೂ ಭಾಗಿಯಾಗಿದ್ದೆ. ತಪಸ್ಸುಕಾಲ, ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾಗಿತ್ತು. ವಾಚನವನ್ನು ನೀವೇ ಆರಿಸಿರಿ ಎಂದಾಗ ಅವರು ಮಾರ್ಕನ ನಾಲ್ಕನೆಯ ಅಧ್ಯಾಯದಲ್ಲಿ ಪ್ರಭು ಬಿರುಗಾಳಿಯನ್ನು ಶಾಂತಗೊಳಿಸಿದ ಪ್ರಸಂಗವನ್ನು ಆರಿಸಿದರು. ಪರೀಕ್ಷೆಯ ಭಯವೇ ಅವರ ಬಿರುಗಾಳಿಯೆಂದು ಬೇರೆ ಹೇಳಬೇಕಾಗಿರಲಿಲ್ಲ. ಆಂಗ್ಲ ಮಾಧ್ಯಮದ ಹುಡುಗನೊಬ್ಬ ಕನ್ನಡ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದ. ಅವನನ್ನು ಬದಲಿಸೋಣವೆಂದು ನಾನೆಂದೆ, ಜೊತೆಯವರು ಒಪ್ಪಲಿಲ್ಲ. ಒಂದು ವಾರ ಸಂಜೆ ಸಂಜೆ ಅವರೇ ಅವನಿಂದ ಓದಿಸಿದರು.

ವಿಶ್ವಾಸಿಗಳ ಪ್ರಾರ್ಥನೆಯೇ ಕಠಿಣವಾಯಿತು. ಮೊದಲು ಎಲ್ಲರೂ ಪುಸ್ತಕದಿಂದ ಲೋಕಶಾಂತಿಯ ಕೋರಿಕೆಯನ್ನು ನಕಲು ಮಾಡಿ ತಂದರು. ಪುಸ್ತಕ ಮುಚ್ಚಿ ಬರೆಯಿರಿ ಎಂದೆ. ಬಹಳ ಹೊತ್ತು ಯಾರೂ ಬರೆಯಲಿಲ್ಲ. ಕಡೆಗೆ ದೊಡ್ಡಬಳ್ಳಾಪುರದ ಕಡೆಯ ನೇಕಾರರ ಹುಡುಗಿಯೊಬ್ಬಳು ಎರಡೇ ಸಾಲು ಬರೆದುಕೊಟ್ಟಳು: ನಮ್ಮಪ್ಪನ ಮಗ್ಗ ನಿಂತಿದೆ, ಅದು ಮತ್ತೆ ಆಡಲಿ ಎಂದು. ಇದನ್ನು ಓದಬಹುದೇ ಸಾರ್, ಎಂದು ಅಳುಕುತ್ತ ಕೇಳಿದಳು. ಒಂದಕ್ಷರವನ್ನೂ ತಿದ್ದದೆ ಹಿಂದಿರುಗಿಸಿದೆ. ಶುಕ್ರವಾರ ಸಂಜೆ ಆಕೆ ಅದನ್ನು ಓದಿದಾಗ ಹಿಂದಿನ ಸಾಲುಗಳಲ್ಲಿದ್ದ ನೇಕಾರರ ಮರುನುಡಿ ಎಂದಿಗಿಂತ ಗಟ್ಟಿಯಾಗಿ ಕೇಳಿಬಂದಿತು.