ಕಾರಣ ಮತ್ತು ಹಿನ್ನೋಟ: ಕ್ಲಾಂಗ್ ಬಂದರಿನ ಮಲೇರಿಯಾದಿಂದ ಒಂದು ಇತಿಹಾಸ ಪಾಠ

ಶಾಲೆಯ ಇತಿಹಾಸ ಪಾಠದಲ್ಲಿ ‘ಕಾರಣಗಳು’ ಎಂದು ನಾಲ್ಕಾರು ಅಂಶಗಳನ್ನು ಬರೆಸುವುದು ರೂಢಿ. ಎಲ್ಲ ಮುಗಿದ ಮೇಲೆ ಕೂಡಿಸಿದ ಆ ಪಟ್ಟಿಯನ್ನು ಓದುವ ಮಕ್ಕಳಿಗೆ, ಆದದ್ದು ಆಗಲೇಬೇಕಿತ್ತು ಎನಿಸುತ್ತದೆ. ಮನಃಶಾಸ್ತ್ರ ಇದನ್ನು ಹಿನ್ನೋಟದ ಪೂರ್ವಗ್ರಹವೆಂದು ಗುರುತಿಸಿದೆ. ಇದರ ಪರಿಚಯವಿಲ್ಲದೆ ಐತಿಹಾಸಿಕ ಕಾರಣವನ್ನು ಕಲಿಸಿದರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಈ ಲೇಖನದ ವಾದ.

ಮನಃಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ ಈ ಪೂರ್ವಗ್ರಹದ ಬಗ್ಗೆ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇತಿಹಾಸವೇ ಸಾಮಗ್ರಿ. ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಕಾಳಗದ ವಿವರ ಕೊಟ್ಟು, ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಫಲಿತಾಂಶಗಳನ್ನು ನಿಜವೆಂದು ತಿಳಿಸಲಾಯಿತು. ತಮಗೆ ತಿಳಿಸಿದ್ದೇ ಹೆಚ್ಚು ಸಂಭವನೀಯವಾಗಿತ್ತೆಂದು ಓದಿದವರು ಅಂದಾಜಿಸಿದರು. ಆ ತಿಳಿವಳಿಕೆ ತಮ್ಮ ಅಂದಾಜನ್ನು ಬದಲಿಸಿದ್ದು ಅವರ ಗಮನಕ್ಕೇ ಬರಲಿಲ್ಲ.

ಈಗ ಮಲೇಷ್ಯಾದ ಕ್ಲಾಂಗ್ ಬಂದರನ್ನು ನೋಡೋಣ. 1972ರವರೆಗೆ ಇದರ ಹೆಸರು ಪೋರ್ಟ್ ಸ್ವೆಟನ್‌ಹ್ಯಾಮ್. ಕಾಂಡ್ಲಾ ಕಾಡಿನ ಜೌಗು ನೆಲದಲ್ಲಿ 1901ರ ಸೆಪ್ಟೆಂಬರಿನಲ್ಲಿ ತೆರೆದ ಬಂದರಿನಲ್ಲಿ ಕೆಲವೇ ವಾರಗಳಲ್ಲಿ ಮಲೇರಿಯಾ ಹಬ್ಬಿ, ಅದನ್ನು ಮುಚ್ಚುವ ಮಾತೂ ಬಂತು. ಕ್ಲಾಂಗಿನ ಸರ್ಕಾರಿ ವೈದ್ಯ ಮಾಲ್ಕಮ್ ವಾಟ್ಸನ್ ಕಾಡು ಕಡಿಸಿ, ಕಾಲುವೆ ತೋಡಿಸಿ ಜೌಗನ್ನು ಬತ್ತಿಸುವಂತೆ ಮಾಡಿದರು, ರೋಗ ಇಳಿಯಿತು.

ಸೊಳ್ಳೆ ಹೋಯಿತು, ಜ್ವರ ಹೋಯಿತು ಎಂದು ಇಂದಿನ ವಿದ್ಯಾರ್ಥಿ ಒಂದೇ ಉಸಿರಿನಲ್ಲಿ ಹೇಳಬಲ್ಲ. ಆದರೆ ಜೌಗಿನ ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂದು ನಂಬಿದವರಿಗೂ ಇದೇ ಫಲಿತಾಂಶ ಸಾಕ್ಷ್ಯವಾಗಬಲ್ಲದು. ಜೌಗು ಬತ್ತಿದರೆ ಸೊಳ್ಳೆಯೂ ಇಲ್ಲ, ಆ ಗಾಳಿಯೂ ಇಲ್ಲ. ಒಂದೇ ಪುರಾವೆ ಎರಡು ವಿವರಣೆಗಳಿಗೂ ಒಪ್ಪುವ ಈ ಸಂದರ್ಭ ನನ್ನ ದೃಷ್ಟಿಯಲ್ಲಿ ಪಾಠದ ತಿರುಳು. ಎರಡನ್ನೂ ಬೇರ್ಪಡಿಸಲು ನೆರವಾದದ್ದು ಗುಡ್ಡಗಾಡಿನ ತೋಟಗಳ ಅನುಭವ. ಅಲ್ಲಿ ಕಾಡು ಕಡಿದಾಗ ಮಲೇರಿಯಾ ಹೆಚ್ಚಿತು. ಕರಾವಳಿಯ ನೆರಳಿನ ಜೌಗಿನಲ್ಲಿ ಹುಟ್ಟುವ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಜಾತಿಯೇ ಬೇರೆ, ಬಿಸಿಲು ಬೀಳುವ ತಿಳಿನೀರಿನ ತೊರೆಗಳಲ್ಲಿ ಹುಟ್ಟುವ ಜಾತಿಯೇ ಬೇರೆ. ವಾಟ್ಸನ್ ಬೆಟ್ಟದ ತೊರೆಗಳಿಗೆ ನೆಲದಡಿಯ ಕೊಳವೆಗಳನ್ನು ಹಾಕಿಸಬೇಕಾಯಿತು.

ಕನ್ನಡ ನಾಡಿಗೂ ಇಲ್ಲಿ ಒಂದು ಎಳೆ ಇದೆ. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗಲೇ, ನಿಂತ ನೀರು ಸಿಗದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ಮಾತ್ರ 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ‘ಬೆಂಗಳೂರಿನಲ್ಲೇ ಹೊಳೆಯಬೇಕಿತ್ತು’ ಎನ್ನುವ ವಿದ್ಯಾರ್ಥಿಗೆ ಆ 14 ವರ್ಷಗಳ ಅಂತರವನ್ನು ತೋರಿಸಬೇಕು: 1883ರಲ್ಲಿ ಸೊಳ್ಳೆ ರಾಸ್‌ಗೆ ಬರೀ ಕಾಟ ಕೊಡುವ ಹುಳು.

ತರಗತಿಗೆ ನನ್ನ ಸಲಹೆ ಇಷ್ಟೇ. 1901ರ ಬಂದರಿನ ಸ್ಥಿತಿಯನ್ನು ಮಾತ್ರ ಮೊದಲು ಕೊಟ್ಟು, ಮುಂದೇನಾದೀತೆಂದು ಮಕ್ಕಳಿಂದ ಬರೆಸಿ, ಹಾಳೆಗಳನ್ನು ಎತ್ತಿಡಬೇಕು. ಬಳಿಕ ಫಲಿತಾಂಶ ತಿಳಿಸಿ, ಮೊದಲು ಏನು ಊಹಿಸಿದ್ದಿರಿ ಎಂದು ನೆನಪಿನಿಂದ ಬರೆಸಬೇಕು. ಎರಡು ಹಾಳೆಗಳನ್ನೂ ಅವರ ಮುಂದಿಟ್ಟ ಮೇಲೆಯೇ ಬೆಟ್ಟದ ತೋಟಗಳ ಪುರಾವೆಯನ್ನು ಚರ್ಚೆಗೆ ತರಬೇಕು.