ಪರದೆಯೋ, ಪಿ.ಟಿ. ಮಾಸ್ತರೋ: ಮೈದಣಿಸುವ ವಿಡಿಯೋ ಆಟಗಳು ಮತ್ತು ರಿಚರ್ಡ್ಸ್ ಟೌನಿನ ಮಕ್ಕಳು

ರಿಚರ್ಡ್ಸ್ ಟೌನಿನಲ್ಲಿ ಮಕ್ಕಳ ಆಟದ ಪ್ರಶ್ನೆಯೆಂದರೆ ಮೊದಲಿಗೆ ಜಾಗದ ಪ್ರಶ್ನೆ. 1898ರ ಪ್ಲೇಗ್ ಬೆಂಗಳೂರು ದಂಡಿನ ಇಕ್ಕಟ್ಟಾದ ಕೇರಿಗಳನ್ನು ತತ್ತರಿಸುವಂತೆ ಮಾಡಿದ ಮೇಲೆ, ಗಾಳಿ ಬೆಳಕಿಗೆ ಎಡೆಯಿರಬೇಕೆಂಬ ಎಚ್ಚರದಿಂದ ಬೆಳೆದ ಬಡಾವಣೆಗಳ ನೆರೆಯಲ್ಲೇ ಇದೂ ರೂಪುಗೊಂಡಿತು: ನೇರವಾದ ರಸ್ತೆಗಳು, ಕಾಂಪೌಂಡಿನ ಬಂಗಲೆಗಳು, ನಡುವೆ ರಿಚರ್ಡ್ಸ್ ಪಾರ್ಕು. ಬಂಗಲೆಗಳು ಹೋಗಿ ಅಪಾರ್ಟ್‌ಮೆಂಟುಗಳು ಎದ್ದಂತೆ ಕಾಂಪೌಂಡು ಕಾರುಗಳ ಪಾಲಾಯಿತು. ರಸ್ತೆಯ ಅಂಚಿನ ಗತಿಯೂ ಅದೇ. ಪಾರ್ಕು ಉಳಿದಿದೆ. ಆದರೆ ಬೆಂಗಳೂರಿನ ಪಾರ್ಕುಗಳು ವಾಕಿಂಗ್ ಬರುವ ಹಿರಿಯರಿಗೆ ಒಗ್ಗಿಕೊಂಡಷ್ಟು ಚೆಂಡು ಹಿಡಿದು ಬರುವ ಮಕ್ಕಳಿಗೆ ಒಗ್ಗಿಕೊಂಡಿಲ್ಲ. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಅವುಗಳನ್ನು ತೆರೆದಿಡಬೇಕೆಂದು 2024ರಲ್ಲಿ ತೀರ್ಮಾನವಾಗುವವರೆಗೆ ನಡುಹಗಲಲ್ಲಿ ಗೇಟಿಗೆ ಬೀಗವೇ ಇರುತ್ತಿತ್ತು. ಮಕ್ಕಳು ಹೊರಗೆ ಹೋಗಲಾಗದಿದ್ದರೆ, ಅವರನ್ನು ಕೂರಿಸಿದ ಪರದೆಯಿಂದಲೇ ಅವರನ್ನು ಕುಣಿಸಬಾರದೇಕೆ ಎಂಬ ಸಲಹೆ ಇಂಥ ಕಡೆ ಸಹಜವಾಗಿಯೇ ರುಚಿಸುತ್ತದೆ. ಆ ಸಲಹೆಗೆ ಆಧಾರವೆಷ್ಟು ಎಂಬುದು ಇಲ್ಲಿನ ವಿಚಾರ. ಇಂಥ ಆಟದ ಬೆಲೆ ಯಂತ್ರದೊಳಗಿಲ್ಲ. ಅದು ದಿನದ ಯಾವ ಹೊತ್ತಿನ ಜಾಗವನ್ನು ಕಸಿಯುತ್ತದೆ, ಆಡುವಾಗ ಮಗುವಿನ ಜೊತೆ ಯಾರಿರುತ್ತಾರೆ ಎಂಬುದರಲ್ಲಿದೆ ಎಂಬುದು ನನ್ನ ವಾದ.

ಯಂತ್ರದ ಪರವಾದ ಸಾಕ್ಷ್ಯ ಪ್ರಯೋಗಾಲಯದಿಂದ ಬರುತ್ತದೆ, ಮತ್ತು ಅದು ಸುಳ್ಳಲ್ಲ. 1998ರಲ್ಲಿ ಕೊನಾಮಿ ಕಂಪನಿ ಹೊರತಂದ ಡಾನ್ಸ್ ಡಾನ್ಸ್ ರೆವಲ್ಯೂಷನ್, 2006ರ ನಿಂಟೆಂಡೊ ವೀ, 2010ರ ಕಿನೆಕ್ಟ್ ಇವೆಲ್ಲ ಬೆರಳಿನ ಕೆಲಸವನ್ನು ಕೈಕಾಲಿಗೆ ವರ್ಗಾಯಿಸಿದವು. ಆಡುವಾಗ ಮಕ್ಕಳ ದೇಹ ವ್ಯಯಿಸುವ ಶಕ್ತಿ ಕೂತು ಆಡುವಾಗಿನದಕ್ಕಿಂತ ಹೆಚ್ಚೆಂಬುದನ್ನು ಹಲವು ಅಳತೆಗಳು ತೋರಿಸಿವೆ. 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲಿವರ್‌ಪೂಲಿನ ಅಧ್ಯಯನವನ್ನು ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಕೊನೆಯವರೆಗೆ ಓದಿದವರು ಕಡಿಮೆಯೆಂದು ತೋರುತ್ತದೆ. 13ರಿಂದ 15 ವರ್ಷದ 11 ಮಕ್ಕಳು ವೀ ಆಡಿದಾಗ ಶಕ್ತಿವ್ಯಯ ಎದ್ದು ಕಾಣುವಷ್ಟು ಏರಿತು, ನಿಜ. ಆದರೆ ಪರದೆಯ ಟೆನಿಸ್ಸು ಅಂಗಳದ ಟೆನಿಸ್ಸಿನ ಸಮಕ್ಕೆ ಬರಲಿಲ್ಲ. ವಾರದ ಒಟ್ಟು ಲೆಕ್ಕ ಹಾಕಿದರೆ ಕೂತಾಟದ ಬದಲು ಈ ಆಟ ಆಡಿದ್ದರಿಂದ ಕೂಡುತ್ತಿದ್ದದ್ದು ಶೇ. 2ಕ್ಕಿಂತಲೂ ಕಡಿಮೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ಬಿರುಸಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಮಾತಿನ ಪಕ್ಕದಲ್ಲಿಟ್ಟರೆ ಇದು ತೀರಾ ಸಣ್ಣ ಗಳಿಕೆ.

ಪ್ರಯೋಗಾಲಯದಿಂದ ಮನೆಗೆ ಬಂದರೆ ಚಿತ್ರ ಇನ್ನಷ್ಟು ಮಸುಕಾಗುತ್ತದೆ. ಹ್ಯೂಸ್ಟನ್‌ನಲ್ಲಿ ಟಾಮ್ ಬರನೋಸ್ಕಿ ಮತ್ತು ಸಂಗಡಿಗರು 9ರಿಂದ 12 ವರ್ಷದ ಮಕ್ಕಳಿಗೆ ವೀ ಯಂತ್ರ ಕೊಟ್ಟು, ಕೆಲವರಿಗೆ ಮೈದಣಿಸುವ ಆಟಗಳನ್ನೂ ಉಳಿದವರಿಗೆ ಕೂತಾಡುವ ಆಟಗಳನ್ನೂ ಹಂಚಿದರು. ಇಷ್ಟು ಹೊತ್ತು ಆಡಬೇಕೆಂಬ ಕಟ್ಟಳೆ ಇರಲಿಲ್ಲ. ಸೊಂಟಕ್ಕೆ ಕಟ್ಟಿದ ಚಲನಮಾಪಕಗಳು ವಾರಗಟ್ಟಲೆ ಅಳೆದರೂ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲವೆಂದು 2012ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ವರದಿಯಾಯಿತು. ಇದಕ್ಕೆ ಒಂದು ವರ್ಷ ಮೊದಲು ಆಕ್ಲೆಂಡಿನಲ್ಲಿ ತೂಕ ಹೆಚ್ಚಿದ್ದ 322 ಮಕ್ಕಳ ಮೇಲೆ 24 ವಾರ ನಡೆದ ಪ್ರಯೋಗದಲ್ಲಿ ದೇಹತೂಕ ಸೂಚ್ಯಂಕದಲ್ಲಿ 0.24ರಷ್ಟು ಅಂತರ ಬಂದಿತ್ತು. ಬಿರುಸಿನ ಚಟುವಟಿಕೆಯ ನಿಮಿಷಗಳು ಮಾತ್ರ ಖಚಿತವಾಗಿ ಏರಿರಲಿಲ್ಲ. ಹೀಗೇಕೆ ಎಂಬುದಕ್ಕೆ ಎರಡು ವಿವರಣೆಗಳಿವೆ. ಹೊಸತು ಹಳತಾಗುತ್ತದೆ ಎಂಬುದು ಒಂದು: ಅಮೆರಿಕದ ವಯಸ್ಕರಲ್ಲಿ ಪೊಕೆಮಾನ್ ಗೋ ಮೊದಲ ವಾರ ದಿನಕ್ಕೆ ಸುಮಾರು 955 ಹೆಜ್ಜೆ ಹೆಚ್ಚಿಸಿತ್ತು, ಆರನೆಯ ವಾರದ ಹೊತ್ತಿಗೆ ಹೆಜ್ಜೆಗಳ ಎಣಿಕೆ ಹಿಂದಿನ ಮಟ್ಟಕ್ಕೇ ಇಳಿದಿತ್ತು. ಸರಿದೂಗಿಸಿಕೊಳ್ಳುವಿಕೆ ಎಂಬುದು ಇನ್ನೊಂದು: ಸಂಜೆ ಪರದೆಯ ಮುಂದೆ ದಣಿದ ಮಗು ಆ ದಿನದ ಬೇರೆ ಓಡಾಟವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಎರಡನೆಯದು ಎಷ್ಟರ ಮಟ್ಟಿಗೆ ನಿಜವೆಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಆದರೆ ಎರಡೂ ಒಂದೇ ಕಡೆಗೆ ಬೊಟ್ಟು ಮಾಡುತ್ತವೆ: ಆಟದ ಹೊತ್ತನ್ನಷ್ಟೇ ಅಳೆದು ದಿನದ ಬಗ್ಗೆ ತೀರ್ಪು ಕೊಡಲಾಗದು.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಯಶಸ್ಸಿನ ಕಥೆಯಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಲೂಸಿಯಾನಾದಲ್ಲಿ ಅಮಾಂಡಾ ಸ್ಟೈಯಾನೊ ನಡೆಸಿ 2018ರಲ್ಲಿ ಪ್ರಕಟಿಸಿದ ಗೇಮ್‌ಸ್ಕ್ವಾಡ್ ಪ್ರಯೋಗದಲ್ಲಿ ತೂಕ ಹೆಚ್ಚಿದ್ದ 10ರಿಂದ 12 ವರ್ಷದ 46 ಮಕ್ಕಳಿದ್ದರು. ಕಿನೆಕ್ಟ್ ಪಡೆದ ಮಕ್ಕಳು 24 ವಾರವೂ ಹೆಚ್ಚುಕಡಿಮೆ ತಪ್ಪದೆ ಆಡಿದರು, ಅವರ ತೂಕದ ಸೂಚ್ಯಂಕವೂ ಇಳಿಯಿತು. ಆದರೆ ಅವರಿಗೆ ಸಿಕ್ಕಿದ್ದು ಯಂತ್ರವೊಂದೇ ಅಲ್ಲ. ವಾರಕ್ಕೆ ಮೂರು ಸಲದ ಪಾಠಪಟ್ಟಿಯಿತ್ತು, ಹೆಜ್ಜೆ ಎಣಿಸುವ ಪಟ್ಟಿ ಕೈಯಲ್ಲಿತ್ತು, ಜೊತೆಗೆ ತಂದೆತಾಯಿ ಪಕ್ಕದಲ್ಲಿ ಕೂತಿರುವಾಗ ವಿಡಿಯೋ ಕರೆಯಲ್ಲಿ ಮಾತಾಡಿಸಿ ಹುರಿದುಂಬಿಸುವ ತರಬೇತುದಾರರಿದ್ದರು. ಹೋಲಿಕೆಯ ಗುಂಪಿಗೆ ಇದಾವುದೂ ಇಲ್ಲದ ಕಾರಣ, ಫಲ ಕಿನೆಕ್ಟಿನದೋ ತರಬೇತುದಾರರದೋ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಹ್ಯೂಸ್ಟನ್ನಿನಲ್ಲಿ ಆಟವಿತ್ತು, ಆಡಿಸುವವರಿರಲಿಲ್ಲ. ಲೂಸಿಯಾನಾದಲ್ಲಿ ಎರಡೂ ಇದ್ದವು. ಈ ಎರಡನ್ನು ಎದುರುಬದುರು ಇಟ್ಟು ನೋಡಿದವರಿಗೆ ನಮ್ಮ ಶಾಲೆಗಳ ಪಿ.ಟಿ. ಮಾಸ್ತರ ನೆನಪಾದರೆ ಅದು ಆಕಸ್ಮಿಕವಲ್ಲ. ಕೋಟಿಗಟ್ಟಲೆ ಹೂಡಿದ ಕೈಗಾರಿಕೆ ಸುತ್ತಿಬಳಸಿ ಮರಳಿ ಕಂಡುಕೊಂಡದ್ದು ಸೀಟಿ ಊದುವ ಆ ಮನುಷ್ಯನನ್ನೇ.

ಆ ಮನುಷ್ಯನ ಸ್ಥಾನ ಇಲ್ಲಿ ಗಟ್ಟಿಯಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನ ಬೇಕೆನ್ನುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೇಳುವುದು 6ರಿಂದ 8ನೆಯ ತರಗತಿಗೆ, ಅದೂ ಮಕ್ಕಳು ನೂರಕ್ಕಿಂತ ಹೆಚ್ಚಿದ್ದರೆ ಮಾತ್ರ. ಪರೀಕ್ಷೆ ಹತ್ತಿರ ಬಂದಾಗ ಪಿ.ಟಿ. ಪೀರಿಯಡ್ಡು ಗಣಿತಕ್ಕೆ ಹೋಗುವುದು ಯಾವ ಪೋಷಕರಿಗೂ ಹೊಸ ಸುದ್ದಿಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಸುಮತಿ ಸ್ವಾಮಿನಾಥನ್ ಮತ್ತು ಸಹೋದ್ಯೋಗಿಗಳು ನಗರದ ಶಾಲಾಮಕ್ಕಳನ್ನು ಒಂದು ವರ್ಷದ ಅಂತರದಲ್ಲಿ ಎರಡು ಸಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿರುಸಿನ ಚಟುವಟಿಕೆ ಇಳಿದಿತ್ತು, ಶಾಲೆಯಲ್ಲಿ ಕೂತಿರುವ ಹೊತ್ತು ಏರಿತ್ತು. ಕೂರುವಿಕೆ ಏರಿದ್ದು ಶಾಲೆಯೊಳಗೆ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಮನೆಯ ಟಿವಿಗೆ ಸಿಕ್ಕಿಸುವ ಪರಿಹಾರ ಅಲ್ಲಿಗೆ ಮುಟ್ಟುವುದೇ ಇಲ್ಲ.

ಏನೂ ಇಲ್ಲದಿರುವುದಕ್ಕಿಂತ ಇದಾದರೂ ಇರಲಿ ಎಂಬ ಆಕ್ಷೇಪಕ್ಕೆ ತೂಕವಿದೆ. ಸಂಜೆಯ ಮಳೆ, ಒಬ್ಬಳೇ ಹೊರಗೆ ಹೋಗಬೇಡವೆಂದು ತಡೆಯಲ್ಪಟ್ಟ ಹುಡುಗಿ, ಗುಂಪಿನ ಆಟದಲ್ಲಿ ಎಲ್ಲರೂ ಬಿಟ್ಟು ಹೋಗುವ ಅಂಗವಿಕಲ ಮಗು, 2020ರ ಮಾರ್ಚಿನಿಂದ 2021ರ ಅಕ್ಟೋಬರಿನವರೆಗೆ ರಾಜ್ಯದ ಕಿರಿಯ ತರಗತಿಗಳು ಮುಚ್ಚಿದ್ದ ಕಾಲ: ಇಂಥಲ್ಲಿ ಪರದೆ ಕಸಿಯುವುದು ಮೈದಾನವನ್ನಲ್ಲ, ಸೋಫಾವನ್ನು. ಅಷ್ಟರ ಮಟ್ಟಿಗೆ ಅದು ಲಾಭವೇ. ಆದರೆ ಹುಡುಗಿಗೆ ಬೀದಿ ಸುರಕ್ಷಿತವಲ್ಲ ಎಂಬ ಕೊರತೆಗೆ ಪರದೆಯನ್ನು ಕಾಯಂ ಉತ್ತರ ಮಾಡಿದರೆ, ಬೀದಿಯನ್ನು ಸರಿಪಡಿಸಬೇಕಾದವರು ನಿಶ್ಚಿಂತರಾಗುತ್ತಾರೆ. ಜೊತೆಗೆ, ಈ ಲಾಭ ಎಲ್ಲರ ಪಾಲಿಗೂ ಬರುವುದಿಲ್ಲ. ಕಿನೆಕ್ಟಿನ ಮುಂದೆ ಒಬ್ಬರು ಆಡಲು ಸುಮಾರು ಆರಡಿ ಖಾಲಿ ನೆಲ ಬೇಕಿತ್ತು. ರಿಚರ್ಡ್ಸ್ ಟೌನಿನ ಹಾಲಿನಲ್ಲಿ ಅದು ಸಿಕ್ಕೀತು (ಕೆಳಮನೆಯವರು ತಮ್ಮ ಸೂರಿನ ಸದ್ದು ಸಹಿಸಿಕೊಂಡರೆ). ಶಿವಾಜಿನಗರದ ಒಂಟಿಕೋಣೆಯ ಮನೆಯಲ್ಲಿ ಸಿಗದು. ಅದೇ ಕಿನೆಕ್ಟಿನ ತಯಾರಿಕೆ 2017ರಲ್ಲಿ ನಿಂತೂ ಹೋಯಿತು. ಇತ್ತ ಹಲಸೂರಿನ ಗೌತಮಪುರದಲ್ಲೂ ಜಾಗ ಇಕ್ಕಟ್ಟೇ, ಆದರೂ ಪೆಲೆಯ ಪ್ರತಿಮೆ ನಿಲ್ಲಿಸುವಷ್ಟು ಫುಟ್‌ಬಾಲ್ ಬೆಳೆದಿದೆ. ಆಡಿಸುವ ಹಿರಿಯರು, ನೋಡುವ ನೆರೆಯವರು, ಎದುರಾಡಲು ಇನ್ನೊಂದು ತಂಡ ಅಲ್ಲಿದ್ದುದರಿಂದ.

ಪರದೆಯ ಗೀಳಿನ ಭಯ ಎದುರು ದಿಕ್ಕಿನಿಂದ ಬರುವ ಆಕ್ಷೇಪ. 2014ರಿಂದ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ ಇಂಥ ಗೀಳಿಗೆ ಚಿಕಿತ್ಸೆ ಕೊಡುತ್ತಿದೆ, ಹಾಗಾಗಿ ಭಯ ಬರಿಯ ಊಹೆಯಲ್ಲ. ಆದರೆ ಮೈದಣಿಸುವ ಆಟದಲ್ಲಿ ಮೈ ತಾನೇ ಬೇಗ ಸಾಕೆನ್ನುತ್ತದೆ. ಈ ಆಟಗಳ ತೊಡಕು ಮಕ್ಕಳು ಬಿಡದಿರುವುದಲ್ಲ, ಬೇಗ ಬಿಟ್ಟುಬಿಡುವುದು.

ಇಲ್ಲಿನ ಮಕ್ಕಳ ಮೇಲೆ ಪ್ರಯೋಗ ನಡೆಸುವುದಾದರೆ ಯಂತ್ರವಿದ್ದವರನ್ನೂ ಇಲ್ಲದವರನ್ನೂ ಹೋಲಿಸಿದರಷ್ಟೇ ಸಾಲದು. ಆಡಿಸುವವರೊಂದಿಗೆ ಯಂತ್ರ, ಆಡಿಸುವವರಿಲ್ಲದ ಯಂತ್ರ, ಯಂತ್ರವಿಲ್ಲದೆ ಸಂಜೆ ಒಂದು ಗಂಟೆ ಪಾರ್ಕಿನಲ್ಲಿ ಲಗೋರಿ ಖೋಖೋ ಆಡಿಸುವ ಒಬ್ಬ ಮಾಸ್ತರು, ಈ ಮೂರೂ ಗುಂಪುಗಳು ಬೇಕು. ಚಲನಮಾಪಕವನ್ನು ಆಟದ ಹೊತ್ತಿಗಷ್ಟೇ ಕಟ್ಟದೆ ಎದ್ದಾಗಿನಿಂದ ಮಲಗುವವರೆಗೆ ಕಟ್ಟಿರಬೇಕು, ಮುಂಗಾರಿನ ತಿಂಗಳುಗಳನ್ನೂ ಬೇಸಿಗೆ ರಜೆಯನ್ನೂ ದಾಟಿಸಬೇಕು. ಮೂರನೆಯ ಗುಂಪಿನ ಖರ್ಚು ಒಬ್ಬರ ಸಂಬಳ ಮತ್ತು ಕೆಲವು ಚೆಂಡುಗಳು. ಯಂತ್ರಕ್ಕೆ ಹಣ ಕೇಳುವವರು ಮೊದಲು ಆ ಗುಂಪನ್ನು ಮೀರಿ ತೋರಿಸಲಿ.