ಹಿಡಕಲ್ಲಿನ ನೀರವತೆಯ ಹಿಂದೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಮಗೆ ನೀರೆಂದೊಡನೆ ನೆನಪಾಗುವುದು ನದಿ. ಕೃಷ್ಣೆ, ದೂಧಗಂಗೆ, ವೇದಗಂಗೆಯರು ನಮ್ಮ ಕಬ್ಬಿನ ಹೊಲಗಳನ್ನು ಸಲಹುವ ತಾಯಂದಿರು. ಮಳೆಗಾಲದಲ್ಲಿ ನಮ್ಮ ನಿದ್ದೆಗೆಡಿಸುವವರೂ ಅವರೇ. ಆದರೆ ಸದ್ದಿಲ್ಲದ, ಕಣ್ಣು ಹಾಯುವಷ್ಟು ದೂರ ಹರಡಿದ ನೀರನ್ನು ನೋಡಬೇಕೆನಿಸಿದಾಗ ನಾವು ಹುಕ್ಕೇರಿಯನ್ನು ದಾಟಿ ಹಿಡಕಲ್ಲಿಗೆ ಹೋಗುತ್ತೇವೆ.

ಅಲ್ಲಿನ ಆಕರ್ಷಣೆಯನ್ನು ಬಣ್ಣಿಸುವುದು ಸುಲಭ. ಸುತ್ತಲೂ ಗುಡ್ಡಗಳು, ನಡುವೆ ನೀಲಿ ನೀರು, ದಡದಲ್ಲಿ ಮೇಯುವ ದನಕರುಗಳು. ಮಳೆಗಾಲ ಮುಗಿದ ಮೇಲೆ ಹೋದರೆ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸದು. 'ಇಲ್ಲೊಂದು ತುಂಡು ಜಾಗ ಸಿಕ್ಕರೆ ಪುಟ್ಟ ಮನೆ ಕಟ್ಟಿಕೊಂಡು ಇದ್ದುಬಿಡಬಹುದು' ಎಂಬ ಆಸೆ ಯಾರಲ್ಲಿಯೂ ಮೂಡೀತು. ಆಸೆ ತಪ್ಪಲ್ಲ. ಆದರೆ ಈ ನೀರವತೆ ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಅದನ್ನು ಅನುಭವಿಸಿದರೆ ಅರ್ಧ ಸತ್ಯವನ್ನಷ್ಟೇ ನೋಡಿದಂತಾಗುತ್ತದೆ.

ಹಿಡಕಲ್ ನಿಸರ್ಗವು ನಿರ್ಮಿಸಿದ ಸರೋವರವಲ್ಲ. ಅದು ಘಟಪ್ರಭೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಹುಟ್ಟಿ, 283 ಕಿಲೋಮೀಟರ್ ಹರಿದು, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯನ್ನು ಮನುಷ್ಯ ತಡೆದು ನಿಲ್ಲಿಸಿದ ಕಥೆ ಹಳೆಯದು. 19ನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಆಡಳಿತವು ಗೋಕಾಕ ತಾಲ್ಲೂಕಿನ ಧುಪದಾಳದಲ್ಲಿ ಒಡ್ಡು ಕಟ್ಟಿಸಿ ಕಾಲುವೆಗೆ ನೀರು ತಿರುಗಿಸಿತು. ಬರಗಾಲಗಳು ಒಂದರ ಮೇಲೊಂದು ಎರಗುತ್ತಿದ್ದ ಕಾಲವದು. ಆ ಒಡ್ಡಿನ ಹಿಂದೆ ನಿಂತ ನೀರು ಕ್ರಮೇಣ ಹಕ್ಕಿಗಳ ಬೀಡಾಯಿತು. ಇಂದು ಅದು ಘಟಪ್ರಭಾ ಪಕ್ಷಿಧಾಮ. ಚಳಿಗಾಲದಲ್ಲಿ ಡೆಮಾಯ್ಸೆಲ್ ಕ್ರೇನ್‌ಗಳೂ ವೈಟ್ ಸ್ಟಾರ್ಕ್ ಎಂಬ ಬಿಳಿ ಕೊಕ್ಕರೆಗಳೂ ದೂರದ ಖಂಡಗಳಿಂದ ಅಲ್ಲಿಗೆ ಬರುತ್ತವೆ. ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ದಾಟಿ ಬೆಳಗಾವಿಯತ್ತ ಸಾಗುವ ನಮ್ಮ ರೈಲು ಘಟಪ್ರಭಾ ನಿಲ್ದಾಣದಲ್ಲಿ ನಿಲ್ಲುವಾಗ, ಆ ಅತಿಥಿಗಳು ನಮ್ಮಿಂದ ಹೆಚ್ಚು ದೂರದಲ್ಲಿರುವುದಿಲ್ಲ.

ಧುಪದಾಳದ ಒಡ್ಡು ಚಿಕ್ಕದು; ಬೇಸಾಯದ ಅಗತ್ಯ ದೊಡ್ಡದು. ಸ್ವಾತಂತ್ರ್ಯಾನಂತರ ಘಟಪ್ರಭಾ ಯೋಜನೆಯನ್ನು ಹಂತಹಂತವಾಗಿ ವಿಸ್ತರಿಸಿ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟು ಕಟ್ಟಲಾಯಿತು. 1977ರಲ್ಲಿ ಪೂರ್ಣಗೊಂಡ ಈ ಜಲಾಶಯ ಸುಮಾರು 51 ಟಿಎಂಸಿ ನೀರನ್ನು ಹಿಡಿಯಬಲ್ಲದು. ಅದರ ಗರಿಷ್ಠ ಮಟ್ಟ 2,175 ಅಡಿ. ವಿದ್ಯಾದಾನಕ್ಕೆ ಹೆಸರಾದ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಈ ನೀರು ಕಾಲುವೆಗಳ ಮೂಲಕ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳನ್ನು ಮುಟ್ಟುತ್ತದೆ. ಚಿಕ್ಕೋಡಿಯ ಹೆಸರನ್ನೇ ಹೊತ್ತ ಶಾಖಾ ಕಾಲುವೆಯೊಂದು ಅದರಿಂದ ಹೊರಡುತ್ತದೆ. ಮಳೆಯನ್ನೇ ನಂಬಿದ್ದ ನೆಲಕ್ಕೆ ಇದು ಎಂಥ ವರವೆಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ವರಕ್ಕೂ ಬೆಲೆಯಿದೆ. ನೀರು ನಿಂತ ಆ ಕಣಿವೆ ಬರಿದಾಗಿರಲಿಲ್ಲ. ಅಲ್ಲಿ ಊರುಗಳಿದ್ದವು, ಹೊಲಗಳಿದ್ದವು, ಒಲೆಗಳು ಉರಿಯುತ್ತಿದ್ದವು. ಹುನ್ನೂರಿನ ವಿಠ್ಠಲ ದೇವಾಲಯ ಇಂದಿಗೂ ಅದಕ್ಕೆ ಸಾಕ್ಷಿ. ವರ್ಷದ ಬಹುಕಾಲ ಹಿನ್ನೀರಿನಲ್ಲಿ ಮುಳುಗಿರುವ ಆ ಕಲ್ಲಿನ ಗುಡಿ, ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಮೇಲೆದ್ದು ನಿಲ್ಲುತ್ತದೆ. ಆಗ ಜನ ಗುಂಪುಗುಂಪಾಗಿ ಬರುತ್ತಾರೆ. ಕೆಲವರು ಚಿತ್ರ ತೆಗೆದುಕೊಳ್ಳುತ್ತಾರೆ, ಕೆಲವರು ಕೈಮುಗಿಯುತ್ತಾರೆ. ಅದೇ ನೆಲದಲ್ಲಿ ಬಾಳಿದ ಮನೆತನದವರಿಗೆ ಮಾತ್ರ ಅದು ನೋಟವಲ್ಲ, ನೆನಪು. ಗುಡಿಯ ಗೋಡೆಗಳು ಕಾಣುತ್ತವೆ. ಅದರ ಸುತ್ತಲಿನ ಮನೆಗಳು ಕಾಣುವುದಿಲ್ಲ. ಕಲ್ಲು ಉಳಿಯಿತು, ಮಣ್ಣು ಕರಗಿತು.

ಇದನ್ನು ಯೋಚಿಸಿದಾಗ 'ಅಸ್ಪೃಷ್ಟ ನಿಸರ್ಗ' ಎಂಬ ಮಾತು ನಾಲಗೆಯಲ್ಲಿ ತಡವರಿಸುತ್ತದೆ. ಹಿಡಕಲ್ಲಿನಲ್ಲಿ ನಮಗೆ ದೊರೆಯುವ ಶಾಂತಿ ಯಾರೂ ಮುಟ್ಟದ ನೆಲದ ಶಾಂತಿಯಲ್ಲ. ಬಿಟ್ಟುಹೋದವರ ನೆಲದ ಶಾಂತಿ. ದಡದಲ್ಲಿ ಮನೆ ಕಟ್ಟುವ ಕನಸು ಕಾಣುವವನಿಗಿಂತ ಮೊದಲು ಅಲ್ಲಿ ಮನೆಯುಳ್ಳವರು ಇದ್ದರು. ಅವರು ಬಾಗಿಲು ತೆಗೆದಿಟ್ಟು ಹೊರಟದ್ದರಿಂದಲೇ ಕೆಳಗಿನ ಊರುಗಳ ಬಾಗಿಲಿಗೆ ನೀರು ಬಂದಿತು.

ಇನ್ನೊಂದು ಮಾತು. ಜಲಾಶಯದ ದಂಡೆ ಕೆರೆಯ ದಂಡೆಯಂತಲ್ಲ. ಬೇಸಿಗೆಯಲ್ಲಿ ನೀರು ಬಹುದೂರ ಸರಿದು ಬಯಲು ತೆರೆದುಕೊಳ್ಳುತ್ತದೆ. ಆಗ ಅದು ಖಾಲಿ ಜಾಗದಂತೆ ತೋರುತ್ತದೆ. ಮಳೆಗಾಲದಲ್ಲಿ ಸಹ್ಯಾದ್ರಿಯ ನೀರು ಇಳಿದು ಬಂದಾಗ ಅದೇ ಜಾಗ ಮತ್ತೆ ನೀರಿನದಾಗುತ್ತದೆ. ನೀರು ತನ್ನ ಗಡಿಯನ್ನು ಮರೆಯುವುದಿಲ್ಲ. 2005ರಲ್ಲಿಯೂ 2019ರಲ್ಲಿಯೂ ಕೃಷ್ಣಾತೀರದ ನಾವು ಈ ಪಾಠವನ್ನು ಕಲಿತಿದ್ದೇವೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ನಗರಕ್ಕೆ ನುಗ್ಗಿದ್ದನ್ನು ಯಾರು ಮರೆತಾರು? ಮನೆ ಬಿಟ್ಟು ಜಾನುವಾರುಗಳೊಡನೆ ಶಾಲೆಗಳಲ್ಲಿ, ರಸ್ತೆಬದಿಯಲ್ಲಿ ರಾತ್ರಿ ಕಳೆದವರು ನಮ್ಮ ನಡುವೆಯೇ ಇದ್ದಾರೆ. ಕೆಲವು ದಿನಗಳ ಮಟ್ಟಿಗೆ ಮನೆ ಬಿಟ್ಟ ನೋವು ಅಷ್ಟಾದರೆ, ಎಂದೆಂದಿಗೂ ಬಿಟ್ಟವರದು ಎಷ್ಟಿದ್ದೀತು!

ಹಾಗಾದರೆ ಹಿಡಕಲ್ಲಿಗೆ ಹೋಗಬಾರದೇ? ಖಂಡಿತ ಹೋಗಬೇಕು. ಮಕ್ಕಳನ್ನು ಕರೆದುಕೊಂಡು ಹೋಗಿರಿ. ಪ್ಲಾಸ್ಟಿಕ್ಕನ್ನೂ ಗದ್ದಲವನ್ನೂ ಮನೆಯಲ್ಲಿಯೇ ಬಿಟ್ಟು ಹೋಗಿರಿ. ನೀರನ್ನು ತೋರಿಸಿ, ಅದರಡಿಯಲ್ಲಿ ಊರುಗಳಿದ್ದವೆಂದು ಹೇಳಿರಿ. ಇನ್ನೂ ಒಂದು ಕೆಲಸವಿದೆ. 1970ರ ದಶಕದಲ್ಲಿ ಮನೆ ಬಿಟ್ಟು ಹೊರಟಾಗ ಹರೆಯದವರಾಗಿದ್ದವರು ಇಂದು ಎಪ್ಪತ್ತರ ಗಡಿಯಲ್ಲಿದ್ದಾರೆ ಅಥವಾ ದಾಟಿದ್ದಾರೆ. ಯಾವ ಓಣಿಯಲ್ಲಿ ಯಾರ ಮನೆಯಿತ್ತು, ಬಾವಿ ಎಲ್ಲಿತ್ತು, ಕೊನೆಯ ಸುಗ್ಗಿ ಹೇಗಿತ್ತು ಎಂಬುದು ಅವರ ನೆನಪಿನಲ್ಲಿದೆ. ಅಂಥ ಹಿರಿಯರು ನಿಮ್ಮ ಊರಿನಲ್ಲಿ, ನಿಮ್ಮ ಬಂಧುಬಳಗದಲ್ಲಿ ಇದ್ದರೆ, ಅವರ ಬಳಿ ಒಂದು ಸಂಜೆ ಕುಳಿತು ಕೇಳಿ ಬರೆದಿಡಿರಿ. ಅಣೆಕಟ್ಟಿನ ಎತ್ತರವೂ ಅದರ ನೀರಿನ ಲೆಕ್ಕವೂ ಕಡತಗಳಲ್ಲಿ ಭದ್ರವಾಗಿವೆ. ಆ ಮನೆಗಳ ಲೆಕ್ಕ ಅವರೊಡನೆಯೇ ಹೋಗಿಬಿಡಬಾರದು.